ಎಮ್ಮೆಯ ಪಾಲಿನ ತೌಡು

ಗೋದಾವರಿಯ ಕವಲಿನಲ್ಲಿ ದೋಣಿ ನಡೆಸುತ್ತಿದ್ದ ಪುಲ್ಲಯ್ಯನಿಗೆ, ಲಂಕೆ ಎನ್ನುವ ನಮ್ಮ ನಡುಗಡ್ಡೆಯ ಊರುಗಳಿಗೆ ಅಕ್ಕಿ ಗಿರಣಿ ಬಂದ ವರ್ಷ ಎಲ್ಲಿಲ್ಲದ ಹೆಮ್ಮೆ. ಹೆಂಡತಿ ಅಚ್ಚಾಯಮ್ಮನ ಕೈಯಿಂದ ಒನಕೆ ಬಿಡಿಸಿದ. ಎರಡು ಹೊತ್ತೂ ಮಲ್ಲಿಗೆಯಂಥ ಬಿಳಿ ಅನ್ನ, ಗೋಂಗೂರ ಸೊಪ್ಪಿನ ಚಟ್ನಿ. ಬಸಿದ ಗಂಜಿ, ತೌಡು ಎಮ್ಮೆಗೆ.

ವರ್ಷ ತುಂಬುವುದರೊಳಗೆ ಅವನ ಕಾಲು ಊದಿ ಜೋಮು ಹಿಡಿಯಿತು. ಒಂದು ದಿನ ಗಳ ಊರುತ್ತಾ ನಡುಹೊಳೆಯಲ್ಲಿ ಕುಸಿದುಬಿದ್ದ.

"ಬೆಳಿಗ್ಗೇನೇ ಹೆಂಡ ಏರಿಸಿದ್ಯೇನೋ ಮಾವಾ?" ಎಂದು ದೋಣಿಯಲ್ಲಿದ್ದವರು ನಕ್ಕರು. ಹೆಂಡ ಮುಟ್ಟದವನಿಗೆ ಆ ಮಾತು ಕಾಲುನೋವಿಗಿಂತ ಹೆಚ್ಚು ಚುಚ್ಚಿತು.

ಅಚ್ಚಾಯಮ್ಮ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪೇಟೆಯ ಮುದುಕ ಡಾಕ್ಟರ ಬಳಿಗೆ ಹೋದಳು. ಅವರು ಅಂಗಾಲಿಗೆ ಸೂಜಿ ಚುಚ್ಚಿದರು. ಚುಚ್ಚಿದ್ದೇ ತಿಳಿಯದೆ ಪುಲ್ಲಯ್ಯ ಸೂರು ನೋಡುತ್ತಿದ್ದ.

"ಗಿರಣಿ ಅಕ್ಕಿ ತಾನೆ ಉಣ್ಣೋದು? ತೌಡು ಏನ್ಮಾಡ್ತೀರಮ್ಮಾ?"

"ಎಮ್ಮೆಗೆ ಹಾಕ್ತೀವಿ ದೊರೆ."

"ಎಮ್ಮೆ ಹೇಗಿದೆ?"

"ಗುಂಡಗಿದೆ."

"ಇರದೇ ಏನು! ಅಕ್ಕಿಯ ಸತ್ವವೆಲ್ಲ ಅದರ ಹೊಟ್ಟೆಗೇ ಹೋಗ್ತಿದೆ. ಬಿ ವಿಟಮಿನ್ ಅಂತಾರೆ ಅದಕ್ಕೆ. ಇನ್ಮೇಲೆ ಆ ತೌಡು ಇವನಿಗೆ. ಕುಟ್ಟಿದಕ್ಕಿ, ಹೆಸರುಕಾಳೂ ಕೊಡು."

ಮನೆಗೆ ಬಂದ ಪುಲ್ಲಯ್ಯ ಗೋಡೆಗೆ ಮುಖ ಮಾಡಿ ಮಲಗಿದ. "ನಾಳೆ ಹುಲ್ಲು ಹಾಕ್ತೀಯೇನೇ? ಕೊಟ್ಟಿಗೇಲೇ ಕಟ್ಟಿಬಿಡು!"

"ಕಟ್ತೀನಿ. ಅದಾದ್ರೂ ಹಾಲು ಕೊಡುತ್ತೆ, ನೀನು ಬರೀ ಸಿಟ್ಟು ಕೊಡ್ತೀಯ." ಅಚ್ಚಾಯಮ್ಮ ಹೊಸ ತೌಡು ಜರಡಿ ಹಿಡಿದು, ಘಮ್ಮೆನ್ನುವಂತೆ ಹುರಿದು, ತಾಳೆಬೆಲ್ಲ ಬೆರೆಸಿ ಉಂಡೆ ಕಟ್ಟಿದಳು. ಒಂದನ್ನು ಅವನೆದುರೇ ಕೂತು ತಿಂದಳು. ಎರಡನೆಯದಕ್ಕೆ ಕೈಹಾಕಿದಾಗ ಅವನು ತಿರುಗಿದ.

"ಎಲ್ಲಾ ನೀನೇ ಮುಗಿಸ್ತೀಯಾ? ಕೊಡಿಲ್ಲಿ."

ಗಿರಣಿ ಅಕ್ಕಿ ಆ ಮನೆಯ ಹೊಸಿಲು ದಾಟುವುದು ನಿಂತಿತು. ಮೊದಲು ಊತ ಇಳಿಯಿತು. ಜೋಮು ಮಾತ್ರ ತಿಂಗಳುಗಟ್ಟಲೆ ಹಟ ಹಿಡಿಯಿತು. ಒಂದು ಬೆಳಿಗ್ಗೆ ಜಗಲಿಯಿಂದ ಕೂಗು ಕೇಳಿ ಅಚ್ಚಾಯಮ್ಮ ಓಡಿಬಂದಳು.

"ಕಚ್ತು ಕಣೇ! ಇರುವೆ ಕಚ್ತು!" ಪುಲ್ಲಯ್ಯ ಪಾದ ಹಿಡಿದುಕೊಂಡು ಮಗುವಿನಂತೆ ನಗುತ್ತಿದ್ದ. ಅವಳು ಪಕ್ಕದಲ್ಲಿ ಕುಸಿದು ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸಂಕ್ರಾಂತಿಗೆ ಅವಳನ್ನು ಆಚೆ ದಡದ ತಂಗಿಯ ಮನೆಗೆ ತಾನೇ ದೋಣಿಯಲ್ಲಿ ಕರೆದೊಯ್ದ. ನಡುಹೊಳೆಯಲ್ಲಿ ನಿಂತೇ ಗಳ ಊರಿದ. ಮಾತನಾಡಿಸಲೆಂದು ತಿರುಗಿ ನೋಡಿದ. ಅಚ್ಚಾಯಮ್ಮ ಬಿಸಿಲಿಗೆ ಸೆರಗು ಹೊದ್ದು, ಗಂಟಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಅವಳು ಎಚ್ಚರಗೊಳ್ಳದ ಹಾಗೆ ಅವನು ದೋಣಿಯನ್ನು ಮೆಲ್ಲಗೆ ದಡಕ್ಕೆ ಹಚ್ಚಿದ.