ಕೈ ಮೇಲಿನ ಕಣ್ಣು

ದರ್ಜಿ ಹೆಂಗಸಿಗೆ ಹೋದ ಚಳಿಗಾಲದಲ್ಲಿ ಪಾರ್ಶ್ವವಾಯು ಮೆಲ್ಲಗೆ ತಾಗಿ ಹೋಗಿತ್ತು. ಕೈಕಾಲು ಆಡುತ್ತಿದ್ದವು, ಬಾಯಿಗಂತೂ ಏನೂ ಆಗಿರಲಿಲ್ಲ. ಆದರೆ ಬಲಗೈಗೆ ಸ್ಪರ್ಶದ ಅರಿವೇ ಇರಲಿಲ್ಲ. ನೋಡುತ್ತಿದ್ದರೆ ಆ ಕೈ ಹೇಳಿದ ಹಾಗೆ ಕೇಳುತ್ತಿತ್ತು. ಅದರ ಮೇಲಿಂದ ಕಣ್ಣು ತೆಗೆದರೆ ಸಾಕು, ಹಿಡಿದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಲೋಟಗಳು ಒಡೆದ ಮೇಲೆ ಅವಳಿಗೆ ಇದು ತಿಳಿಯಿತು. ಹೋದ ವಾರವಷ್ಟೇ ಕೂಸಿನೊಂದಿಗೆ ಬಂದಿದ್ದ ಮಗಳಿಗೆ ಮಾತ್ರ, ಎಲ್ಲ ವಾಸಿಯಾಗಿದೆ ಎಂದೇ ಹೇಳಿದ್ದಳು. ಮಗಳು ಸೋಮವಾರದಿಂದ ಕೆಲಸಕ್ಕೆ ಹೋಗುವವಳು. ಕೂಸು ಅಜ್ಜಿಯ ಹತ್ತಿರವೋ, ಶಿಶುವಿಹಾರದಲ್ಲೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

"ನೀನು ನನ್ನ ಕೈಯಲ್ಲೇ ಬೆಳೀಲಿಲ್ವಾ?" ಎಂಬುದು ಅಜ್ಜಿಯ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು.

"ಬೆಳೆದೆ ಕಣಮ್ಮ. ಆದ್ರೆ ನೀನು ಇವಳನ್ನ ಎತ್ಕೊಂಡಾಗ ಮುಖಾನೇ ನೋಡಲ್ವಲ್ಲ, ಬರೀ ಕೈ ನೋಡ್ತಿರ್ತೀಯ. ಇಷ್ಟ ಇಲ್ದಿದ್ರೆ ಹೇಳ್ಬಿಡು."

ಇಷ್ಟ ಇಲ್ಲವಂತೆ! ಅಜ್ಜಿಗೆ ಮೈಯೆಲ್ಲ ಉರಿಯಿತು. ಲಸಿಕೆ ಹಾಕಿಸಲು ಕರೆದೊಯ್ಯಬೇಕಿದ್ದ ಕೂಸನ್ನು "ಕೊಡಿಲ್ಲಿ" ಎಂದು ಎತ್ತಿಕೊಂಡೇಬಿಟ್ಟಳು. ಮಗಳು ಚೀಲ ಹಿಡಿದು ಮುಂದೆ ಇಳಿದಳು.

ಕಿಟಕಿಯಿಲ್ಲದ ಇಕ್ಕಟ್ಟು ಮೆಟ್ಟಿಲು. ಗುಂಡಿ ಒತ್ತಿದರೆ ದೀಪ ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತದೆ, ಯಾವನೋ ಜಿಪುಣ ಮಾಡಿಸಿದ ಏರ್ಪಾಡು. ಅಜ್ಜಿಯ ಎಡಗೈಯಲ್ಲಿ ಕಂಬಿ, ಬಲತೋಳಿನಲ್ಲಿ ಕೂಸು, ಕಣ್ಣು ಬಲಗೈ ಮೇಲೆ. ಬಲಗಾಲನ್ನೂ ಪೂರ್ತಿ ನಂಬುವಂತಿರಲಿಲ್ಲ. ಹಾಗೂ ಹೀಗೂ ಅರ್ಧ ಇಳಿದಳು.

ದೀಪ ಆರಿತು.

ಕತ್ತಲಲ್ಲಿ ಬಲಗೈ ಕಾಣಲಿಲ್ಲ. ಕೈ ಹಿಡಿದಿದೆಯೋ ಬಿಟ್ಟಿದೆಯೋ? ಕಂಬಿ ಬಿಟ್ಟರೆ ಇಬ್ಬರೂ ಉರುಳುವುದು ಖಂಡಿತ. ಕೊರಳಿಗೆ ತಾಗಿದ್ದ ಕೂಸಿನ ತಲೆ ಮೆಲ್ಲಗೆ ಕೆಳಕ್ಕೆ ಸರಿಯಿತು.

"ಅಲ್ಲೇ ಇರಮ್ಮಾ, ಗುಂಡಿ ಹುಡುಕ್ತೀನಿ" ಎಂದು ಮಗಳು ಕೆಳಗಿನಿಂದ ಕೂಗಿದಳು. "ಅಮ್ಮಾ? ಯಾಕೆ ಮಾತಾಡ್ತಿಲ್ಲ?"

ಮಾತಾಡುವಂತಿರಲಿಲ್ಲ. ಎರಡು ಕೈ ಸಾಲದಾದಾಗಲೆಲ್ಲ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇಷ್ಟು ವರ್ಷ ಹೊಲಿದವಳು ಅವಳು. ಮೈಯಿಂದ ಕೂಸನ್ನು ಗೋಡೆಗೆ ಒತ್ತಿ, ತುಟಿಯಿಂದ ತಡಕಿ, ಅದರ ಅಂಗಿಯ ಹೆಗಲನ್ನು ಕಚ್ಚಿ ಹಿಡಿದಿದ್ದಳು. ತುಟಿಗೆ ಬಟ್ಟೆ ತಿಳಿಯುತ್ತಿತ್ತು, ಅದೊಂದೇ ಧೈರ್ಯ.

ದೀಪ ಬಂತು. ಬೆಕ್ಕು ಮರಿಯನ್ನು ಕಚ್ಚಿದ ಹಾಗೆ ನಿಂತ ತಾಯಿಯನ್ನೂ, ಬೆರಳು ಬಿಚ್ಚಿಹೋಗಿದ್ದ ಬಲಗೈಯನ್ನೂ ಮಗಳು ಕಂಡಳು. ಓಡಿ ಬಂದು ಕೂಸನ್ನು ಕಿತ್ತುಕೊಂಡಳು. ಕೂಸು ಏನೂ ಆಗದ ಹಾಗೆ ಆಕಳಿಸಿತು.

ತಾಯಿ ಮೆಟ್ಟಿಲ ಮೇಲೇ ಕುಸಿದಳು. "ಆ ಕೈಗೆ ಏನೂ ತಿಳಿಯಲ್ಲ ಕಣೇ. ನೋಡ್ತಿದ್ರೆ ಮಾತ್ರ ಹಿಡಿಯುತ್ತೆ. ನನ್ನ ಹತ್ರ ಬಿಡಬೇಡ ಇವಳನ್ನ" ಎಂದು ಅತ್ತಳು.

ಮಗಳಿಗೆ ಕೆಟ್ಟ ಸಿಟ್ಟು ಬಂದಿತ್ತು. ಆದರೂ ಪಕ್ಕದಲ್ಲಿ ಕುಳಿತು, ಕೂಸನ್ನು ತಾಯಿಯ ಮಡಿಲಲ್ಲಿಟ್ಟು, ಆ ಕೈಯ ಕೆಳಗೆ ತನ್ನ ಕೈ ಸೇರಿಸಿದಳು.

"ನಾನು ಹಿಡ್ಕೊಂಡಿದ್ದೀನಿ. ಕೈ ನೋಡ್ಬೇಡ, ಮುಖ ನೋಡು."

ಅಜ್ಜಿ ಕೈಯಿಂದ ಕಣ್ಣು ತೆಗೆದಳು. ಕೂಸು ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.