ಸ್ಟೀಲಿನೊಳಗಿನ ತಾಮ್ರ

ಇಂದ್ರಾಬಾಯಿ ತನ್ನ ಮಗನನ್ನು ಒಮ್ಮೆಯೂ ಚಂದ ಎಂದವಳಲ್ಲ. ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಇಲ್ಲ. ಹೊಸ ಅಂಗಿ ತೊಟ್ಟು ಎದುರು ನಿಂತರೆ ‘ಹೊಲಸ ಕಾಣ್ತಿ ನೋಡು’ ಎನ್ನುತ್ತಿದ್ದಳು. ತಲೆ ಬಾಚಿಕೊಂಡರೆ ‘ಮಂಗ್ಯಾನ ಮಾರಿಗೆ ಬಾಚಣಿಕಿ ಬ್ಯಾರೆ’ ಎನ್ನುತ್ತಿದ್ದಳು. ಮುಂಬೈಯ ಕಾಂದಿವಲಿ ಪೂರ್ವದ ಗುಡ್ಡದ ಬುಡದಲ್ಲಿರುವ ಆ ಚಾಳಿನ ಹಳಬರಿಗೆ ಇದು ರೂಢಿಯಾಗಿತ್ತು. ಹೊಸಬರು ಮಾತ್ರ, ಇಂಥ ತಾಯಿಯೂ ಇರುತ್ತಾಳೆಯೇ ಎಂದು ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ, ಅವರ ಮಕ್ಕಳೆಲ್ಲ ಬದುಕಿ ಉಳಿದವರು.

ಇಂದ್ರಾಬಾಯಿಯ ಮೊದಲ ಎರಡು ಗಂಡುಕೂಸುಗಳು ಉಳಿದಿರಲಿಲ್ಲ. ಒಂದು ಹನ್ನೊಂದನೆಯ ದಿನ ಹೋಯಿತು, ಇನ್ನೊಂದು ಹಲ್ಲು ಬರುವ ಹೊತ್ತಿಗೆ. ಎರಡೂ ಕಂಡವರು ಎತ್ತಿ ಮುದ್ದಾಡದೆ ಬಿಡದಂಥ ಕೂಸುಗಳು. ಮೂರನೆಯದು ಹುಟ್ಟಿದಾಗ ಅಫಜಲಪುರದ ಕಡೆಯ ಅವಳ ಊರಿನಲ್ಲಿ ಸೂಲಗಿತ್ತಿ ಮುದುಕಿ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿದಳು, ತಿಪ್ಪ ಎಂದು ಹೆಸರಿಟ್ಟಳು, ಹೆಣ್ಣುಮಕ್ಕಳಿಗೆ ಚುಚ್ಚುವಂತೆ ಮೂಗು ಚುಚ್ಚಿ ತಾಮ್ರದ ತಂತಿಯ ಉಂಗುರ ತೊಡಿಸಿದಳು. ಸಾವು ಹುಡುಕಿಕೊಂಡು ಬಂದರೂ, ಇದು ಯಾರಿಗೂ ಬೇಡದ ಕುರೂಪಿ ಎಂದು ತಿರುಗಿ ಹೋಗಬೇಕು, ಅದಕ್ಕೆ. ‘ಲಗ್ನದ ದಿನ ತಗೀಬೇಕು. ಅದಕ್ಕಿಂತ ಮೊದಲ ತಗದ್ರ ಕೂಸು ನಿಂದಲ್ಲ. ಮತ್ತ ನಿನ್ನ ಬಾಯಿಲೆ ಎಂದೂ ಚಂದ ಅನಬ್ಯಾಡ’ ಎಂದಿದ್ದಳು ಮುದುಕಿ. ತಿಪ್ಪ ಬದುಕಿದ. ಮುದುಕಿಯ ಮಾತು ಖರೆ ಎನ್ನುವುದಕ್ಕೆ ಇಂದ್ರಾಬಾಯಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮುಂಬೈಗೆ ಬಂದ ಮೇಲೆ ಮುನಿಸಿಪಾಲಿಟಿಯ ಕನ್ನಡ ಶಾಲೆಯ ಮಾಸ್ತರರು ಹುಡುಗನ ಹೆಸರನ್ನು ಅನಿಲಕುಮಾರ ಎಂದು ಬರೆದುಕೊಂಡರು. ಮನೆಯಲ್ಲಿ ಅವನು ತಿಪ್ಪನಾಗಿಯೇ ಉಳಿದ. ಅಪ್ಪ ಗುರಲಿಂಗಪ್ಪ ಟೈಲ್ಸ್ ಕೂರಿಸುವವನು, ಸೈಟು ಎಲ್ಲಿಯೋ ಬಿಡಾರ ಅಲ್ಲಿ. ಅವ್ವನಿಗೆ ಎರಡು ಬಿಲ್ಡಿಂಗಿನಲ್ಲಿ ಅಡುಗೆ ಕೆಲಸ. ಪ್ರತಿ ದೀಪಾವಳಿಗೆ ಮಗನಿಗೆ ಎಣ್ಣೆ ಹಚ್ಚಿ ಎರೆಯುವಾಗ ಇಂದ್ರಾಬಾಯಿ ಆ ಉಂಗುರವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಸುತ್ತಿದ್ದಳು. ಆಮೇಲೆ ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಒಂದು ತಿಂಗಳ ಹಿಂದೆ ತಿಪ್ಪ ಮೂಗಿನಲ್ಲಿ ದಪ್ಪನೆಯ ಸ್ಟೀಲ್ ರಿಂಗ್ ಹಾಕಿಕೊಂಡು ಮನೆಗೆ ಬಂದ. ಮಲಾಡಿನ ಬಟ್ಟೆ ಅಂಗಡಿಯೊಂದರಲ್ಲಿ ಅವನು ಸೇಲ್ಸ್‌ಮನ್. ಅಲ್ಲಿಗೆ ಬರುವ ಗಂಡುಹುಡುಗರು ಈಗ ಹುಬ್ಬಿಗೂ ತುಟಿಗೂ ಚುಚ್ಚಿಸಿಕೊಂಡಿರುತ್ತಾರಂತೆ. ಅದು ಹೇಗೆ ಚಂದವೋ ಅವರವರಿಗೇ ಗೊತ್ತು. ಇಂದ್ರಾಬಾಯಿ ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಎದ್ದಳು.

“ನನ್ನ ಉಂಗರ ಎಲ್ಲೈತೋ?”

“ಒಳಗ ಅದ ಅವ್ವಾ. ನಿನ್ನ ತಾಂಬ್ರ ಒಳಗ ಅದ, ಮ್ಯಾಲಿಂದ ಸ್ಟೀಲ್ ಕವರ್ ಹಾಕಿಸೀನಿ ಅಷ್ಟ.”

ಅವಳು ನಂಬಿದಳು. ಆದರೆ ಇನ್ನೊಂದು ಅಂಜಿಕೆ ಅಂದಿನಿಂದಲೇ ಹತ್ತಿಕೊಂಡಿತು. ಜನ ಅವನನ್ನು ನೋಡತೊಡಗಿದ್ದರು. ನಳದ ಹತ್ತಿರ ಹುಡುಗಿಯರು ತಿರುಗಿ ನೋಡುತ್ತಿದ್ದರು, ಅಂಗಡಿಯ ಗಿರಾಕಿಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೆಲ್ಫಿ ತೆಗೆಯುತ್ತಿದ್ದರು. ಪಕ್ಕದ ಖೋಲಿಯ ಗುಲಶನ, ಕಲಬುರಗಿಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಒಂದು ದಿನ ಬಾಗಿಲಿಗೆ ಒರಗಿ ನಿಂತು, “ಇಂದ್ರಕ್ಕ, ನಿಮ್ಮ ತಿಪ್ಪ ಆ ರಿಂಗ್ನಾಗ ಏನ್ ಮಸ್ತ್ ದಿಖತಾನ್ರೀ” ಎಂದುಬಿಟ್ಟಳು. ಇಂದ್ರಾಬಾಯಿ ಅವಳ ಮುಂದೆಯೇ ಮೂರು ಸಲ ಥೂ ಥೂ ಎಂದು ಉಗುಳಿ, ಸಂಜೆ ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾರೂ ನೋಡಬಾರದೆಂದು ಹಾಕಿದ ಉಂಗುರ ಈಗ ಹೋಗುವವರನ್ನೂ ಬರುವವರನ್ನೂ ಕರೆದು ತೋರಿಸುತ್ತಿತ್ತು. ಇಷ್ಟು ಜನರಿಗೆ ಕಂಡ ಮುಖ ಸಾವಿಗೆ ಮಾತ್ರ ಕಾಣದೆ ಇರುತ್ತದೆಯೇ?

ಶನಿವಾರ ತಿಪ್ಪನ ಮೂಗು ಕೆಂಪಾಯಿತು. ರವಿವಾರ ಕೆನ್ನೆ ಊದಿತು, ಅವನು ಅಂಗಡಿಗೆ ಹೋಗಲಿಲ್ಲ. ಸೋಮವಾರ ಬೆಳಗ್ಗೆ ಇಂದ್ರಾಬಾಯಿ ಚಹಾ ಹಿಡಿದು ಎಬ್ಬಿಸಲು ಹೋದರೆ ಅವನ ಎಡಗಣ್ಣು ಮುಚ್ಚಿಹೋಗಿತ್ತು, ಮೈ ಕೆಂಡವಾಗಿತ್ತು, ಮೂಗಿನ ಪಕ್ಕದ ಚರ್ಮ ಉಬ್ಬಿ ಅರ್ಧ ರಿಂಗನ್ನು ನುಂಗಿತ್ತು. ‘ಬಂತು, ಇಪ್ಪತ್ತೊಂದು ವರ್ಷ ಬಿಟ್ಟು ಬಂತು’ ಎಂದುಕೊಂಡಳು.

ರಿಕ್ಷಾ ಕರೆದವಳು ಗುಲಶನ. ಹೊಲಿಗೆ ಬಿಟ್ಟು ಜೊತೆಗೆ ಬಂದವಳೂ ಅವಳೇ. ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಕೇಸ್ ಪೇಪರಿಗೆ ಅವಳು ಲೈನಿನಲ್ಲಿ ನಿಂತರೆ, ಇಂದ್ರಾಬಾಯಿ ಬೆಂಚಿನ ಮೇಲೆ ಮಗನ ತಲೆಯನ್ನು ಭುಜಕ್ಕೆ ಆನಿಸಿಕೊಂಡು ಕುಳಿತಳು, ಸೆರಗಿನಿಂದ ಅವನ ಮುಖ ಮುಚ್ಚಿಕೊಂಡು. ದಾಟಿ ಹೋಗುವವರ ಕಣ್ಣು ಬೀಳಬಾರದು ಎಂದು. ಊದಿಕೊಂಡ ಆ ಮುಖವನ್ನು ಈಗ ಯಾರೂ ಚಂದ ಎನ್ನುವಂತಿರಲಿಲ್ಲ, ಆದರೂ ಮುಚ್ಚಿಕೊಂಡಿದ್ದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ನಗುನಗುತ್ತಲೇ ಮಾತಾಡಿಸಿದವಳು ಟಾರ್ಚ್ ಹಿಡಿದು ನೋಡಿದ ಮೇಲೆ ನಗುವುದನ್ನು ನಿಲ್ಲಿಸಿದಳು. ಯಾವಾಗ ಚುಚ್ಚಿಸಿದ್ದು, ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ತೂತು ಮೊದಲೇ ಇತ್ತು, ಸ್ಟೇಶನ್ ಹತ್ತಿರ ಬೀದಿಯಲ್ಲಿ ಕುಳಿತವನೊಬ್ಬ ಅದನ್ನು ದೊಡ್ಡದು ಮಾಡಿ ಇದನ್ನು ತೊಡಿಸಿದ ಎಂದ ತಿಪ್ಪ. ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು.

“ಒಳಗೆ ಕೀವು ತುಂಬಿದೆ. ಮೂಗು, ಮೇಲ್ದುಟಿ, ಈ ಜಾಗದ ನಂಜು ತಲೆಗೆ ಏರುತ್ತದೆ” ಎಂದಳು ಡಾಕ್ಟರು ಇಂದ್ರಾಬಾಯಿಯ ಕಡೆ ತಿರುಗಿ. “ಈಗಲೇ ರಿಂಗ್ ಕತ್ತರಿಸಿ ತೆಗೆದು ಕೀವು ಹೊರಗೆ ಹಾಕಬೇಕು. ಆಮೇಲೆ ಸಲಾಯಿನ್. ಸಂಜೆಯವರೆಗೆ ಕಾಯುವ ಹಾಗಿಲ್ಲ.”

ತಲೆಗೆ ಏರುತ್ತದೆ ಎಂದದ್ದು ಇಂದ್ರಾಬಾಯಿಗೆ ಕೇಳಿಸಿತು. ಕತ್ತರಿಸಿ ತೆಗೆಯಬೇಕು ಎಂದದ್ದೂ ಕೇಳಿಸಿತು. ಬಿಟ್ಟರೆ ಹೋಗುತ್ತಾನೆ ಎನ್ನುತ್ತಾಳೆ ಈ ಹುಡುಗಿ, ತೆಗೆದರೆ ಹೋಗುತ್ತಾನೆ ಎಂದಿದ್ದಳು ಆ ಮುದುಕಿ. ಇವಳ ಕೊರಳಲ್ಲಿ ಸ್ಟೆತಾಸ್ಕೋಪ್ ಇತ್ತು, ನಿಜ. ಆದರೆ ಮಗನನ್ನು ಬದುಕಿಸಿ ತೋರಿಸಿದವಳು ಮುದುಕಿ.

“ರಿಂಗ್ ಇರ್ಲಿ ಬಾಯಿ” ಎಂದಳು ಇಂದ್ರಾಬಾಯಿ ಕೈಮುಗಿದು. “ಸುಯಿ ಮಾಡ್ರಿ, ಗುಳಗಿ ಕೊಡ್ರಿ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ.”

ಡಾಕ್ಟರು ಅವಳ ಜೊತೆ ವಾದಕ್ಕೆ ಇಳಿಯಲಿಲ್ಲ. ಹುಡುಗ ದೊಡ್ಡವನು, ಸಹಿ ಅವನೇ ಮಾಡಬಹುದು ಎಂದು ಕಾಗದವನ್ನೂ ಪೆನ್ನನ್ನೂ ತಿಪ್ಪನ ಕೈಗೆ ಕೊಟ್ಟು, ಹತ್ತು ನಿಮಿಷ ಎಂದು ಹೇಳಿ ಮುಂದಿನ ಪೇಶಂಟಿನ ಕಡೆ ಹೋದಳು. ತಿಪ್ಪ ಪೆನ್ನು ಹಿಡಿದುಕೊಂಡು ಅವ್ವನನ್ನು ನೋಡಿದ, ತೆರೆದಿದ್ದ ಒಂದೇ ಕಣ್ಣಿನಿಂದ.

“ಹೂಂ ಅನ್ನು ಅವ್ವಾ.”

“ನಿಮ್ಮಪ್ಪಗ ಫೋನ್ ಹಚ್ಚತೀನಿ ತಡಿ. ಊರಿಗಿ ಹಚ್ಚತೀನಿ. ಮುದುಕಿ ಮಗಳು ಅದಾಳ, ಅಕೀಗಿ ಕೇಳೋಣ.”

ಗುರಲಿಂಗಪ್ಪನ ಫೋನು ರಿಂಗಾಗಿ ರಿಂಗಾಗಿ ನಿಂತಿತು, ಟೈಲ್ಸ್ ಕೊರೆಯುವ ಮಶೀನಿನ ಗದ್ದಲದಲ್ಲಿ ಅವನಿಗೆ ಏನು ಕೇಳೀತು. ಊರಿನ ನಂಬರು ಹತ್ತಲೇ ಇಲ್ಲ. ಗುಲಶನ ಗೋಡೆಯ ಗಡಿಯಾರ ನೋಡಿದಳು, ಇಂದ್ರಾಬಾಯಿಯ ಭುಜ ಹಿಡಿದು ಅಲುಗಿಸಿದಳು.

“ಇಂದ್ರಕ್ಕ, ಯಾರನ್ ಕೇಳ್ತೀರಿ? ಲಡಕಾ ಇಲ್ಲಿ ಸುಡಲಿಕತ್ಯಾನ. ಅಲ್ಲಾನ ಕಸಮ್, ಹೂಂ ಅನ್ರಿ.”

“ಒಳಗ ತಾಂಬ್ರ ಅದ ಗುಲಶನಾ. ಅದು ಹ್ವಾದ್ರ ಇಂವಾ ಉಳ್ಯಂಗಿಲ್ಲ. ಎರಡು ಮಣ್ಣಿಗಿ ಕೊಟ್ಟಾಕಿ ನಾ, ನನಗ ಗೊತ್ತದ.”

ತಿಪ್ಪ ಪೆನ್ನು ಕೆಳಗಿಟ್ಟ. ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿಕೊಂಡೇ ಹೇಳಿದ.

“ಒಳಗ ತಾಂಬ್ರ ಇಲ್ಲ ಅವ್ವಾ.”

“ಏನು?”

“ಇಲ್ಲ. ನಿನ್ನ ಉಂಗರ ಆರನೇ ಇಯತ್ತಿನಾಗೇ ಹೋಗ್ಯಾದ. ಸಾಲ್ಯಾಗ ಎಲ್ಲಾರೂ ನಥನಿವಾಲಿ ನಥನಿವಾಲಿ, ಮೂಗುತಿ ಹುಡುಗಿ ಅಂತಿದ್ರು. ದಿನಾ ಗಲ್ಲಿ ಮೂಲ್ಯಾಗ ತಗದು ಕಂಪಾಸ್ ಪೆಟಿಗ್ಯಾಗ ಇಡತಿದ್ದೆ. ಬರಾಗ ಹಾಕ್ಕೋತಿದ್ದೆ. ಒಂದ್ ದಿನ ಪೆಟಿಗ್ಯಾಗ ಇರಲೇ ಇಲ್ಲ. ಗೊತ್ತಾದ್ರ ನೀ ಎದಿ ಒಡಕೊಂಡು ಸಾಯ್ತಿ ಅಂತ ಅಂಜಿ, ಫ್ಯಾನ್ ರಿಪೇರಿ ಅಂಗಡಿಯಿಂದ ವೈಂಡಿಂಗ್ ವಾಯರ್ ತಂದು ಮಾಡಿ ಹಾಕ್ಕೊಂಡೆ.”

ಗುಲಶನ ಬಾಯಿಗೆ ದುಪಟ್ಟಾ ಹಚ್ಚಿಕೊಂಡಳು. ಇಂದ್ರಾಬಾಯಿ ಮಗನನ್ನೇ ನೋಡುತ್ತ ನಿಂತಳು. ಒಂಬತ್ತು ದೀಪಾವಳಿ ಅವಳು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು, ಕಣ್ಣಿಗೊತ್ತಿಕೊಂಡದ್ದು, ಯಾರದೋ ಮನೆಯ ಸುಟ್ಟ ಫ್ಯಾನಿನ ತಂತಿಯನ್ನು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

“ಸುಳ್ಳ ಹೇಳ್ತಿ” ಎಂದಳು.

“ಹೂಂ ಅನ್ನು ಅವ್ವಾ. ತಲಿ ಒಡ್ಯಾಕತ್ತದ.”

ಅವಳು ಹೂಂ ಎಂದಳೋ, ಬರೀ ಉಸಿರು ಬಿಟ್ಟಳೋ, ಗುಲಶನ ಅದನ್ನೇ ಹೂಂ ಎಂದು ಹಿಡಿದು ಡಾಕ್ಟರನ್ನು ಕೂಗಿದಳು. ತಿಪ್ಪ ಸಹಿ ಹಾಕಿದ. ಪರದೆ ಎಳೆದರು. ಪರದೆಯಾಚೆ ಅವನು ಒಮ್ಮೆ ನರಳಿದ್ದು, ಆಮೇಲೆ ಲೋಹ ಕಟ್ ಎಂದದ್ದು, ತಟ್ಟೆಯಲ್ಲಿ ಏನೋ ಟಣ್ ಎಂದು ಬಿದ್ದದ್ದು ಇಂದ್ರಾಬಾಯಿಗೆ ಕೇಳಿಸಿತು. ಮತ್ತೆ ಅವನ ದನಿ ಕೇಳಿಸಲಿಲ್ಲ. ಎಷ್ಟು ಹೊತ್ತು ಕೇಳಿಸಲಿಲ್ಲ ಎನ್ನುವುದನ್ನು ಅವಳು ಎಂದೂ ಸರಿಯಾಗಿ ಹೇಳಲಾರಳು. ಅಷ್ಟು ಹೊತ್ತೂ ಅವಳು ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

ನರ್ಸು ತಟ್ಟೆ ಹಿಡಿದು ಹೊರಗೆ ಬಂದಾಗ ಅದರಲ್ಲಿ ರಿಂಗು ಎರಡು ತುಂಡಾಗಿ ಬಿದ್ದಿತ್ತು. ಅವಳು ತಡೆಯುವುದರೊಳಗೆ ಇಂದ್ರಾಬಾಯಿ ಒಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಕತ್ತರಿಸಿದ ತುದಿ ಪೂರಾ ಬೆಳ್ಳಗಿತ್ತು. ಆ ತುದಿ, ಈ ತುದಿ, ಎಲ್ಲ ಬಿಳಿಯೇ. ಕೆಂಪಿನ ಒಂದು ಚುಕ್ಕೆಯೂ ಇರಲಿಲ್ಲ.

ಮಧ್ಯಾಹ್ನ ವಾರ್ಡಿನಲ್ಲಿ ತಿಪ್ಪ ಮೂಗಿಗೆ ಬಿಳಿ ಪಟ್ಟಿ ಅಂಟಿಸಿಕೊಂಡು ಮಲಗಿದ್ದ, ಸಲಾಯಿನ್ ಹನಿಯುತ್ತಿತ್ತು. ಜ್ವರ ಇನ್ನೂ ಇಳಿದಿರಲಿಲ್ಲ. ನಾಳೆಯವರೆಗೆ ನೋಡಬೇಕು ಎಂದಿದ್ದಳು ಡಾಕ್ಟರು, ಇಳಿಯುತ್ತದೆ ಎಂದಿರಲಿಲ್ಲ. ಗುಲಶನ ಚಹಾ ತರಲು ಹೋಗಿದ್ದಳು. ಇಂದ್ರಾಬಾಯಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಯೋಚಿಸುತ್ತಿದ್ದಳು, ಮತ್ತು ಯೋಚಿಸಿದಷ್ಟೂ ಅಂಜಿಕೆ ಬೆಳೆಯುತ್ತಿತ್ತು. ಆರನೆಯ ಇಯತ್ತೆಯಿಂದ ಉಂಗುರ ಇರಲೇ ಇಲ್ಲ. ಆದರೂ ಹುಡುಗ ಲೋಕಲ್‌ನಲ್ಲಿ ಜೋತುಬಿದ್ದು ಓಡಾಡಿದ, ಕಾಮಾಲೆಯಿಂದ ಎದ್ದ, ಮಳೆಗಾಲದಲ್ಲಿ ನಾಲೆ ದಾಟಿ ಮನೆಗೆ ಬಂದ. ಹಾಗಾದರೆ ಅವನನ್ನು ಕಾಯ್ದದ್ದು ಯಾವುದು? ಮುದುಕಿ ಕೊಟ್ಟದ್ದು ಎರಡೇ, ಉಂಗುರ ಮತ್ತು ಆ ಮಾತು. ಉಂಗುರ ಇರಲಿಲ್ಲ ಎಂದರೆ ಉಳಿದದ್ದು ಅವಳ ಬಾಯಿ. ಈ ಬಾಯೊಂದು ಗಟ್ಟಿಯಿದ್ದರೆ ಸಾಕು, ಮಗ ಉಳಿಯುತ್ತಾನೆ. ಅವಳು ತುಟಿಗಳನ್ನು ಒತ್ತಿ ಹಿಡಿದಳು.

“ಅವ್ವಾ” ಎಂದ ತಿಪ್ಪ. ಎಚ್ಚರವಾಗಿಯೇ ಇದ್ದ.

“ನೀರು ಬೇಕೇನು?”

“ಕಲೆ ಉಳಿತದಂತ. ಡಾಕ್ಟರ್ ಅಂದ್ಳು.”

“ಉಳೀಲಿ. ಜೀವಾ ಉಳದ್ರ ಸಾಕು.”

ಅವನು ಮೇಲಿನ ಫ್ಯಾನಿನ ಕಡೆ ಕಣ್ಣು ತಿರುಗಿಸಿದ.

“ರಿಂಗ್ ಹಾಕ್ಕೊಂಡ ಮ್ಯಾಲೆ ಜನ ಮೊದಲ ಸಲ ನನ್ನ ಮಾರಿ ನೋಡಿದ್ರು ಅವ್ವಾ. ಖುಷಿ ಆಗಿತ್ತು. ಹೊಲಸ ಇದ್ದಾಂವಗ ಏನರ ಒಂದು ಬೇಕಲ್ಲ.” ಆಮೇಲೆ ಕೇಳಿದ, “ಖರೇ ಹೇಳು. ಅಷ್ಟು ಕೆಟ್ಟ ಅದೀನೇನು ನಾನು? ಇನ್ನ ಮೂಗಿನ ಮ್ಯಾಲೆ ಕಲೆ ಬ್ಯಾರೆ.”

ಇಂದ್ರಾಬಾಯಿಯ ಬಾಯಿಗೆ ಆ ಹಳೆಯ ಮಾತು ತಾನಾಗಿಯೇ ಬಂದಿತ್ತು. ಹೊಲಸ ಕಾಣ್ತಿ ನೋಡು. ಅಂದುಬಿಟ್ಟರೆ ಮುಗಿಯಿತು, ಕಾವಲು ಕಾವಲಾಗಿಯೇ ಇರುತ್ತದೆ. ಆದರೆ ಅವನ ಆ ಒಂದು ಕಣ್ಣು ಕಾಯುತ್ತಿತ್ತು. ಅದನ್ನು ನೋಡಿದಾಗ ಅವಳಿಗೆ ಗೊತ್ತಾಯಿತು, ಸಾವಿಗೆ ಕೇಳಿಸಲಿ ಎಂದು ಇಷ್ಟು ವರ್ಷ ಹೇಳಿದ ಸುಳ್ಳನ್ನು ಈ ಹುಡುಗ ನಿಜವೆಂದೇ ನಂಬಿಕೊಂಡು ಬೆಳೆದಿದ್ದ.

ಅವಳು ಸುತ್ತ ನೋಡಿದಳು. ಎದುರು ಮಂಚದ ಮುದುಕ ನಿದ್ದೆಯಲ್ಲಿದ್ದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಹೊರಗೆ ಬರೀ ಬಿಸಿಲು. ಅಷ್ಟು ಅಂಜಿಕೆ ಅವಳಿಗೆ ಪರದೆಯ ಹೊರಗೆ ನಿಂತಾಗಲೂ ಆಗಿರಲಿಲ್ಲ. ಬಗ್ಗಿ, ಪಟ್ಟಿಯ ಪಕ್ಕದ ಅವನ ಕೆನ್ನೆಗೆ ಬಾಯಿ ತಾಗುವಷ್ಟು ಹತ್ತಿರ ಹೋಗಿ ಹೇಳಿದಳು.

“ಚಂದ ಅದಿ ನನ್ನಪ್ಪಾ. ಹುಟ್ಟಿದಾಗಿಂದ ಚಂದ ಅದಿ. ಮೂರೂ ಮಂದ್ಯಾಗ ನೀನೇ ಭಾಳ ಚಂದ.”

ಹೇಳಿದವಳೇ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಯಾರೋ ಈಗಲೇ ಎಳೆದುಕೊಂಡು ಹೋಗಲು ಬಂದಿರುವ ಹಾಗೆ. ಅವನ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಅವನು ಕಣ್ಣು ಮುಚ್ಚಿಕೊಂಡ. ಅದಕ್ಕೇ ಅವಳಿಗೆ ಭಯವಾಯಿತು, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದಳು. ಗುಲಶನ ತಂದ ಚಹಾ ಆರಿ ಕೆನೆ ಕಟ್ಟಿತು. ಇಂದ್ರಾಬಾಯಿ ಮಣಿಕಟ್ಟಿನ ಮಿಡಿತವನ್ನು ಒಂದೊಂದಾಗಿ ಲೆಕ್ಕ ಹಿಡಿಯುತ್ತಿದ್ದಳು. ನೂರರ ಮುಂದೆ ಎಣಿಸಲು ಬಾರದೆ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು.

ನಾಲ್ಕು ಗಂಟೆಗೆ ನರ್ಸು ಥರ್ಮಾಮೀಟರ್ ಇಟ್ಟಳು. ಅದರ ಅಂಕಿ ಇಂದ್ರಾಬಾಯಿಗೆ ತಿಳಿಯುತ್ತಿರಲಿಲ್ಲ, ಅವಳು ನರ್ಸಿನ ಮುಖವನ್ನೇ ನೋಡುತ್ತಿದ್ದಳು. ನರ್ಸು ಕಾಗದದ ಮೇಲೆ ಬರೆದುಕೊಂಡು, ಒಂದು ಡಿಗ್ರಿ ಕಮ್ಮಿಯಾಗಿದೆ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು.

“ಅವ್ವಾ” ಎಂದ ತಿಪ್ಪ ಕಣ್ಣು ತೆರೆಯದೆಯೇ. “ಆಗ ಕಿವಿ ಹತ್ರ ಏನೋ ಅಂದೆಲ್ಲ ನೀ. ಇನ್ನೊಮ್ಮೆ ಅನ್ನು.”

“ಸುಮ್ನ ಮಲಕೋ ಮಂಗ್ಯಾ” ಎಂದಳು ಇಂದ್ರಾಬಾಯಿ. ಹಾಗೆಂದಳು, ಆದರೆ ಮಣಿಕಟ್ಟು ಬಿಡಲಿಲ್ಲ.