ನಾನೂರೆರಡರ ಪಾಲು

“ನಾಲ್ಕು ಮೊಳ ಕಮ್ಮಿ. ಇಬ್ಬರು ಗಂಡಸ್ರು ವಾರವೆಲ್ಲ ಕೂತು ಕಡಿದು ಕಟ್ಟೆ ಹಾಕಿದ್ದು ಇಷ್ಟೇನಾ, ಬೋಳಿಮಗನೆ?”

ಗುಮಾಸ್ತ ಅಳತೆಗೋಲನ್ನು ಜಮಖಾನದ ಮೇಲಿಂದ ಎತ್ತಿ ನನ್ನ ಮೊಣಕಾಲಿಗೆ ಬಡಿದ. ಜೈಲಿನ ನೇಯ್ಗೆ ಶೆಡ್ಡಿನಲ್ಲಿ ಯಾವ ಮಗ್ಗವೂ ನಿಲ್ಲಲಿಲ್ಲ. ಎಲ್ಲರೂ ತಲೆ ತಗ್ಗಿಸಿ ನೇಯುತ್ತಲೇ ಇದ್ದರು.

“ಇಬ್ಬರಲ್ಲ ಸ್ವಾಮಿ, ಒಬ್ಬನೇ. ಕೆಮ್ಮಣ್ಣ ಸತ್ತು ಇಪ್ಪತ್ತು ದಿನ ಆಯ್ತಲ್ಲ.”

ಗುಮಾಸ್ತ ಪುಸ್ತಕ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟ. “ನಾನೂರೆರಡು. ಇಲ್ಲಿದ್ದಾನೆ ನೋಡು. ದಿನಾ ಎರಡು ಹೊತ್ತು ಉಂಡಿದ್ದಾನೆ, ಕೂಲಿಗೆ ಹೆಬ್ಬೆಟ್ಟು ಒತ್ತಿದ್ದಾನೆ. ಸತ್ತೋನು ಹೆಬ್ಬೆಟ್ಟು ಒತ್ತುತಾನೇನೋ? ಇನ್ನೊಂದ್ಸಲ ಸತ್ತ ಗಿತ್ತ ಅಂದ್ರೆ ಹಲ್ಲು ಉದುರಿಸ್ತೀನಿ. ಮುಂದಿನ ವಾರ ಅವನ ಪಾಲೂ ಬರಬೇಕು.”

ಕೆಮ್ಮಣ್ಣನ ನಿಜವಾದ ಹೆಸರು ಬೇರೆ ಇತ್ತು. ನೂಲಿನ ಧೂಳು ಎದೆಗಿಳಿದು ಕೆಮ್ಮು ಹತ್ತಿದ ಮೇಲೆ ಎಲ್ಲರ ಬಾಯಲ್ಲೂ ಕೆಮ್ಮಣ್ಣನಾದ. “ಮಣ್ಣಿನ ಹೆಸರೇ ಇಟ್ಬಿಟ್ರಲ್ಲೋ ಉದ್ದ, ಎಲ್ಲಾರೂ ತುಳೀಲಿ ಅಂತಾನಾ?” ಎಂದು ಅವನೇ ನಗುತ್ತಿದ್ದ. ನಾನು ಆಳು ಉದ್ದ, ಅದಕ್ಕೇ ನನಗೆ ಆ ಹೆಸರು. ಆರು ವರ್ಷ ಒಂದೇ ಮಗ್ಗದಲ್ಲಿ ಕೂತವರು ನಾವು. ಕೊನೆಗೆ ಕೆಮ್ಮು ಜೋರಾದಾಗ ಜೈಲಿನ ಕಾಂಪೌಂಡರ್ ಒಂದು ಮಾತ್ರೆಯನ್ನು ಎರಡು ತುಂಡು ಮಾಡಿ ಎರಡು ದಿನಕ್ಕೆ ಕೊಟ್ಟ. ಮೂರನೆಯ ದಿನ ಮಧ್ಯಾಹ್ನ ಊಟದ ಗಂಟೆ ಬಾರಿಸುವಾಗ ಕೆಮ್ಮು ನಿಂತಿತು. ಅಂಚು ಸೊಟ್ಟಗಾಗಿದೆಯೆಂದು ತಿರಸ್ಕರಿಸಿದ್ದ ಒಂದು ಜಮಖಾನದಲ್ಲಿ ಅವನನ್ನು ಸುತ್ತಿ, ಹಿಂದಿನ ಗೋಡೆಯ ಪಕ್ಕ ನಾವು ನಾಲ್ವರು ಹೂತೆವು. ಜೈಲರ್ ದೂರದಲ್ಲಿ ನಿಂತು ಮೂಗಿಗೆ ಕರವಸ್ತ್ರ ಹಿಡಿದಿದ್ದ. ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಬರೆಯದಿರುವುದಕ್ಕೆ ಕಾರಣ ಸುಧಾರಣೆ. ಆ ವರ್ಷ ಮೇಲಿನಿಂದ ಆದೇಶ ಬಂದಿತ್ತು. ತಲೆಗೆ ಇಷ್ಟು ಎಂದು ಸರ್ಕಾರ ಹಣ ಕೊಡುತ್ತದೆ, ಮಿಕ್ಕ ಖರ್ಚನ್ನು ಜೈಲು ತಾನೇ ದುಡಿದುಕೊಳ್ಳಬೇಕು. ಕೈದಿಯ ಕೂಲಿಯಲ್ಲಿ ಅರ್ಧ ನೇರ ಮನೆಯವರ ಖಾತೆಗೆ, ಇನ್ನರ್ಧ ಕೈಗೆ. ಜೈಲರ್ ಇದನ್ನು ಅಂಗಳದಲ್ಲಿ ಓದಿ, “ಇನ್ಮೇಲೆ ನೀವು ಬರೀ ಕೈದಿಗಳಲ್ಲ, ಪಾಲುದಾರರು” ಎಂದಿದ್ದ. “ಹಂಗಾದ್ರೆ ಲಾಭ ಬಂದ ದಿನ ಬಾಗಿಲು ತೆಗೀತೀರಾ ಸ್ವಾಮಿ?” ಎಂದು ಕೇಳಿದ್ದು ಕೆಮ್ಮಣ್ಣನೇ. ಅದಕ್ಕೆ ನಾಲ್ಕು ಏಟೂ ತಿಂದಿದ್ದ. ಈಗ ಅವನ ತಲೆಯ ಹಣ, ಅವನ ಅನ್ನ, ಅವನ ಕೈಗೆ ಬರಬೇಕಾದ ಅರ್ಧ ಕೂಲಿ, ಎಲ್ಲ ಜೈಲರನ ಕೋಣೆಗೆ ಹೋಗುತ್ತಿತ್ತು.

ನಮ್ಮದು ಅಗಲದ ಮಗ್ಗ. ಈ ತುದಿಯವನು ಲಾಳಿ ಎಸೆಯಬೇಕು, ಆ ತುದಿಯವನು ಹಿಡಿದು ತಿರುಗಿ ಎಸೆಯಬೇಕು. ಒಬ್ಬನೇ ಆದಮೇಲೆ ನಾನು ಎಸೆದು, ಎದ್ದು, ಸುತ್ತಿ ಬಂದು, ಅವನ ಜಾಗದಲ್ಲಿ ಕೂತು ಈ ಕಡೆಗೆ ಎಸೆದು, ಮತ್ತೆ ಎದ್ದು ಬರಬೇಕು. ಇಬ್ಬರ ಪಾಲು ಮುಟ್ಟಿಸಲು ಬೆಳಗಿನಿಂದ ಸಂಜೆವರೆಗೆ ಓಡಿದೆ. ಅವನ ಕಡೆಯ ಹಲಗೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಈಗಷ್ಟೇ ಕೂತೆದ್ದವನು ನಾನೇ ಎಂದು ಗೊತ್ತಿದ್ದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಎಸೆಯುವ ಮುಂಚೆ “ಹಿಡ್ಕೋ” ಅನ್ನತೊಡಗಿದ್ದೆ. ಪಕ್ಕದ ಮಗ್ಗದ ಮುದುಕ ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದ. ನೀರು ಕುಡಿಯಲು ಹೋಗುವಾಗ ಮಾತ್ರ ಆ ಹಲಗೆಗೆ ತಾಗದಂತೆ ಸುತ್ತಿ ಹೋಗುತ್ತಿದ್ದ.

ಭೇಟಿಯ ದಿನ ತಂಗಿ ಬಂದಿದ್ದಳು. ಜಾಲರಿಯ ಆಚೆ ಅವಳ ಪಕ್ಕದಲ್ಲೇ ಕೆಮ್ಮಣ್ಣನ ಹೆಂಡತಿ ನಿಂತಿದ್ದಳು. ಎರಡು ತಿಂಗಳಿಂದ ಅವಳಿಗೆ, ಗಂಡ ಶಿಕ್ಷೆಯ ಕೋಣೆಯಲ್ಲಿದ್ದಾನೆ, ಭೇಟಿ ಇಲ್ಲ ಎಂದೇ ಹೇಳುತ್ತಿದ್ದರು.

“ಅಣ್ಣ, ಅವರು ಹೇಗಿದ್ದಾರೆ? ಕೆಮ್ಮು ಕಮ್ಮಿ ಆಯ್ತಾ?” ಎಂದು ಅವಳು ಕೇಳಿದಳು.

ವಾರ್ಡರ್ ನನ್ನ ಹಿಂದೆಯೇ ಇದ್ದ. ಅವನ ಲಾಠಿಯ ತುದಿ ನನ್ನ ಸೊಂಟಕ್ಕೆ ತಾಗುತ್ತಿತ್ತು.

“ಕಮ್ಮಿ ಆಯ್ತಕ್ಕ,” ಎಂದೆ.

“ನನಗೂ ಹಾಗೇ ಅನ್ನಿಸ್ತು. ಈ ತಿಂಗಳೂ ದುಡ್ಡು ಬಂತಲ್ಲ. ದುಡ್ಡು ಬಂತು ಅಂದ್ರೆ ಕೆಲಸಕ್ಕೆ ಹೋಗ್ತಿದ್ದಾರೆ, ಅಲ್ವಾ? ಶಿಕ್ಷೆಯಲ್ಲಿದ್ರೂ ನಮ್ಮನ್ನ ಮರೀಲಿಲ್ಲ ನೋಡಿ.”

ತಂಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮುಂದಿನ ವಾರ ತನಿಖೆಯ ಅಧಿಕಾರಿ ಬರುತ್ತಾನೆ ಎಂದಾಯಿತು. ಜೈಲರ್ ನನ್ನನ್ನು ಕೋಣೆಗೆ ಕರೆಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸ್ಟೂಲಿನ ಮೇಲೆ ಕೂರಿಸಿದ.

“ಬಿಡುಗಡೆಗೆ ಇನ್ನೆಷ್ಟು ದಿನ ಇದೆಯೋ?”

“ಎಂಬತ್ತು, ಸ್ವಾಮಿ.”

“ನಲವತ್ತು ಮಾಡ್ತೀನಿ. ನಿನ್ನ ನಂಬರ್ ಕೂಗಿದಾಗ ಹಾಜರ್ ಅನ್ನು. ಆಮೇಲೆ ಹಿಂದಿನ ಸಾಲಿಗೆ ಹೋಗಿ ನಾನೂರೆರಡಕ್ಕೂ ಅನ್ನು. ಆ ಅಧಿಕಾರಿ ತಲೆ ಎತ್ತಲ್ಲ, ಪುಸ್ತಕಾನೇ ನೋಡ್ತಾನೆ. ಇಲ್ಲ ಅಂದ್ರೆ ಇಲ್ಲೇ ಕೊಳೀತೀಯ.”

ಅಧಿಕಾರಿ ಸಣ್ಣ ಆಳು, ಮೆಲುದನಿ. ನಮ್ಮನ್ನೂ “ನೀವು” ಎಂದೇ ಕರೆದ. ಅಂಗಳದಲ್ಲಿ ಮೇಜು ಹಾಕಿಸಿಕೊಂಡು ನಂಬರುಗಳನ್ನು ಓದಿದ. ನಾನು ನನ್ನದಕ್ಕೆ ಹಾಜರ್ ಎಂದೆ. ಹಿಂದಿನ ಸಾಲಿಗೆ ಸರಿದೆ. ನಲವತ್ತು ದಿನ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

“ನಾನೂರ ಎರಡು.”

ಬಾಯಿ ತೆರೆದೆ. ಜಾಲರಿಯಾಚೆ ನಿಂತಿದ್ದ ಅವನ ಹೆಂಡತಿಯ ಮುಖ ಎದುರಿಗೆ ಬಂತು.

“ಸತ್ತಿದ್ದಾನೆ ಸ್ವಾಮಿ. ಹಿಂದಿನ ಗೋಡೆ ಹತ್ರ ಇದ್ದಾನೆ. ಹೂತಿದ್ದು ನಾವೇ.”

ಅಧಿಕಾರಿ ತಲೆ ಎತ್ತಿದ. ಜೈಲರ್ ನಕ್ಕು, “ಇವನಿಗೆ ಸ್ವಲ್ಪ ತಲೆ ಕೆಟ್ಟಿದೆ ಸರ್, ಮಗ್ಗದ ಜೊತೆ ಮಾತಾಡ್ತಾನೆ” ಎಂದ. ಅಧಿಕಾರಿ ನೇಯ್ಗೆಯ ಪುಸ್ತಕ ತರಿಸಿ ನಿಧಾನವಾಗಿ ನೋಡಿದ.

“ಹೋದ ತಿಂಗಳು ನಾನೂರೆರಡು ಮೂವತ್ತಾರು ಮೊಳ ನೇಯ್ದಿದ್ದಾರಲ್ಲ?”

“ನೇಯ್ದಿದ್ದು ನಾನು. ಅವನದೂ ನನ್ನದೂ.”

“ನೀವು ಒಬ್ಬರೇನಾ? ಇಬ್ಬರ ಮಗ್ಗದಲ್ಲಿ?”

“ಹೌದು ಸ್ವಾಮಿ.”

ಅವನು ಹಿಂದಿನ ಗೋಡೆಗೆ ಹೋಗಿ ಮಣ್ಣು ನೋಡಿ ಬಂದ. ನಾನೂರೆರಡರ ಮೇಲೆ ಗೆರೆ ಎಳೆದ. ಆಮೇಲೆ ನನ್ನನ್ನು ಶೆಡ್ಡಿಗೆ ಕರೆದೊಯ್ದು ನೇಯಿಸಿದ. ನಾನು ಎಸೆದು, ಎದ್ದು, ಸುತ್ತಿ ಓಡುವುದನ್ನು ಗಡಿಯಾರ ಹಿಡಿದು ನೋಡಿದ. ಬಹಳ ಹೊತ್ತು ಬರೆದುಕೊಂಡ. ಹೊರಡುವಾಗ, “ನಿಮ್ಮಿಂದ ಉಪಕಾರವಾಯಿತು” ಎಂದ.

ಅವತ್ತೇ ನನ್ನನ್ನು ಒಂಟಿ ಕೋಣೆಗೆ ಹಾಕಿದರು. ಹದಿನೈದು ದಿನ. ಹೊರಗೆ ಬಂದಾಗ ನಲವತ್ತೂ ಇರಲಿಲ್ಲ, ಎಂಬತ್ತೂ ಇರಲಿಲ್ಲ. ಶಿಕ್ಷೆಯಲ್ಲಿ ಬಿಟ್ಟುಕೊಟ್ಟಿದ್ದ ಒಂದು ವರ್ಷದ ಮಾಫಿ ರದ್ದಾಗಿತ್ತು. ಜೈಲರ್ ಅದೇ ಕುರ್ಚಿಯಲ್ಲಿದ್ದ, ನಾನೂರೆರಡರದು ಬರವಣಿಗೆಯ ತಪ್ಪೆಂದು ತೀರ್ಮಾನವಾಗಿತ್ತು. ಶೆಡ್ಡಿನಲ್ಲಿ ಇಪ್ಪತ್ತೊಂದು ಮಗ್ಗಕ್ಕೆ ಇಪ್ಪತ್ತೊಂದೇ ಜನ. ಮಗ್ಗಕ್ಕೆ ಒಬ್ಬನೇ ಸಾಕು, ಅಳತೆ ಮಾತ್ರ ಮೊದಲಿನದೇ ಎಂದು ಹೊಸ ಆದೇಶ ಬಂದಿತ್ತು. ಮಿಕ್ಕವರನ್ನು ಕಂಟ್ರಾಕ್ಟರನ ಕಲ್ಲುಕೋರೆಗೆ ಸಾಗಿಸಿದ್ದರು.

ಮುದುಕ ನನ್ನ ಕಾಲ ಬಳಿ ಉಗಿದ. “ಸತ್ತೋನ ಪರವಾಗಿ ಬಾಯಿ ಬಿಟ್ಟೆ, ಬದುಕಿರೋರ ಹೊಟ್ಟೆ ಮೇಲೆ ಹೊಡೆದೆಯಲ್ಲೋ, ಬೇವರ್ಸಿ. ನನ್ನ ಜೋಡಿ ಕೋರೇಲಿ ಸಾಯ್ತಿದ್ದಾನೆ. ಈ ವಯಸ್ಸಲ್ಲಿ ನಾನು ಮಗ್ಗ ಸುತ್ತಿ ಓಡ್ಬೇಕು.”

ನಾನು ಅವನನ್ನು ದಾಟಿ ನನ್ನ ಮಗ್ಗಕ್ಕೆ ಹೋದೆ.

ಆ ವಾರ ತಂಗಿ ಬಂದು ಇನ್ನೊಂದು ಸುದ್ದಿ ಹೇಳಿದಳು. “ಆ ಅಕ್ಕನಿಗೆ ಕಾಗದ ಹೋಗಿದೆಯಂತೆ. ಗಂಡ ಸತ್ತ ಅಂತ ಒಂದು ಸಾಲು. ಸತ್ತ ಮೇಲೆ ಬಂದ ಕೂಲಿ ವಾಪಸ್ ಕಟ್ಟಬೇಕು ಅಂತ ಮೂರು ಸಾಲು. ಹೂತ ಜಾಗ ತೋರ್ಸಿ ಅಂತ ಗೇಟಲ್ಲಿ ನಿಂತಿದ್ಲು. ಇಲ್ಲಿ ನಿನ್ನೋರು ಯಾರೂ ಇಲ್ಲ, ಹೋಗು ಅಂದ್ರು.”

ಅದು ನನ್ನ ಕೂಲಿ. ಅವಳ ಮನೆಗೆ ಹೋಗಿದ್ದು ನಾನು ಓಡಿ ದುಡಿದದ್ದು. ಅದನ್ನೂ ಕಿತ್ತುಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಮಗ್ಗದಲ್ಲಿ ಕೂತು ಲಾಳಿ ಎಸೆದೆ. ಅದು ಆ ತುದಿಗೆ ಹೋಗಿ ಬಿತ್ತು. ನಾನು ಏಳಲಿಲ್ಲ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

“ಏನೋ ಉದ್ದ, ಸೊಂಟ ಹಿಡೀತಾ? ಎದ್ದು ಎಸೆಯೋ,” ಎಂದ ವಾರ್ಡರ್.

“ನನ್ನ ಪಾಲು ಎಸೆದಾಯ್ತು. ಅಲ್ಲಿ ಕೂರೋನನ್ನ ಕರೆಸಿ.”

ಮೊದಲ ಏಟು ಹೆಗಲಿಗೆ, ಎರಡನೆಯದು ಕಿವಿಗೆ ಬಿತ್ತು. ಮೂರನೆಯದಕ್ಕೆ ಹಲಗೆಯಿಂದ ಕೆಳಗುರುಳಿದೆ. ನೆಲದಿಂದ ನೋಡುವಾಗ ಮಗ್ಗಗಳ ಕೆಳಗೆ ಬರೀ ಕಾಲುಗಳು ಕಾಣುತ್ತಿದ್ದವು, ಆ ಕಡೆಗೂ ಈ ಕಡೆಗೂ ಓಡುವ ಕಾಲುಗಳು. ಮುದುಕನ ಒಡೆದ ಹಿಮ್ಮಡಿಗಳು ಓಡಿ ಬಂದು, ನಡುವೆ ನಿಂತು, ತಡವರಿಸಿದವು. ಮೇಲೆ ಅವನ ಹಲಗೆ ಕಿರುಗುಟ್ಟಿತು. ಅವನು ಕೂತುಬಿಟ್ಟಿದ್ದ, ಮತ್ತೆ ಏಳಲಿಲ್ಲ. ಆಮೇಲೆ ಅವನಾಚೆಯವನು ಕೂತ.

ವಾರ್ಡರ್ ಸೀಟಿ ಊದುತ್ತಾ ಬಾಗಿಲಿಗೆ ಓಡಿದ.